ಹಾಲೆರೆಯುವ ಹೆಂಗಸು: ತೈಲವರ್ಣದ ನಕಲು ಅಭ್ಯಾಸ

ಡಚ್ ಚಿತ್ರಕಾರ ಯೋಹಾನೆಸ್ ವರ್ಮೀರ್ (1632–1675) ರಚಿಸಿದ ‘ಹಾಲೆರೆಯುವ ಹೆಂಗಸು’ ಎಂಬ ಅಡುಗೆಮನೆಯ ದೃಶ್ಯ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಅಳತೆ ಕೇವಲ 45.5 × 41 ಸೆಂ.ಮೀ. ತೈಲವರ್ಣ ಕಲಿಯುವವರಿಗೆ ನಕಲು ಮಾಡಲು ಇಷ್ಟು ಒಳ್ಳೆಯ ಒಳಾಂಗಣ ಚಿತ್ರ ಅಪರೂಪ. ಕಂದುಬಣ್ಣದಲ್ಲಿ ನೆರಳು-ಬೆಳಕಿನ ತಳಚಿತ್ರ ಬರೆದು, ಒಣಗಿದ ಮೇಲೆ ಬಣ್ಣ ಏರಿಸಬೇಕು. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು, ಇಲ್ಲವಾದರೆ ಮೇಲ್ಪದರ ಬಿರಿಯುತ್ತದೆ. ನಿಜವಾದ ಪಾಠವಿರುವುದು ಹಿಂದಿನ ಬರಿಯ ಗೋಡೆಯಲ್ಲಿ: ಬಿಳಿಯೆಂದು ತೋರುವ ಅದು ಕಿಟಕಿಯ ಪಕ್ಕ ಮಬ್ಬು, ಬಲಕ್ಕೆ ಸಾಗಿದಂತೆ ಬೆಳಗುತ್ತದೆ; ಮೊಳೆ, ಮೊಳೆಯ ತೂತು, ಕಲೆ ಎಲ್ಲವೂ ಅದರಲ್ಲಿವೆ. ಅಲ್ಲಿ ವರ್ಮೀರ್ ಮೊದಲು ಹೂಜಿಗಳನ್ನು ತೂಗುಹಾಕುವ ಹಲಗೆಯೊಂದನ್ನು ಬರೆದು ಆಮೇಲೆ ಮರೆಸಿದ್ದನೆಂದು 2022ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಹೆಂಗಸಿನ ನೀಲಿ ಏಪ್ರನ್ನಿಗೆ ಆತ ಬಳಸಿದ್ದು ಲಾಜವರ್ದ ಕಲ್ಲಿನ ದುಬಾರಿ ಅಲ್ಟ್ರಾಮರೀನ್. ಅಭ್ಯಾಸಕ್ಕೆ ಕೃತಕ ಅಲ್ಟ್ರಾಮರೀನ್ ಸಾಕು.