ಲೂಪಸ್ ರೋಗದಲ್ಲಿ ಪ್ರತಿರಕ್ಷಣಾ ಕೋಶಗಳ ಪರಸ್ಪರ ಕ್ರಿಯೆ

ಸಿಸ್ಟಮಿಕ್ ಲೂಪಸ್ ಎರಿಥಿಮಟೋಸಸ್ (ಸಂಕ್ಷಿಪ್ತವಾಗಿ ಲೂಪಸ್) ಎಂಬುದು ದೇಹದ ಪ್ರತಿರಕ್ಷಣಾ ವ್ಯವಸ್ಥೆಯು ತನ್ನದೇ ಅಂಗಾಂಶಗಳ ಮೇಲೆ ದಾಳಿ ಮಾಡುವ ಸ್ವಯಂಪ್ರತಿರಕ್ಷಣಾ ರೋಗಗಳಲ್ಲಿ ಒಂದು. ಚರ್ಮ, ಕೀಲು, ಮೂತ್ರಪಿಂಡ, ರಕ್ತ, ಮಿದುಳು ಇವೆಲ್ಲವೂ ಇದಕ್ಕೆ ತುತ್ತಾಗಬಹುದು. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಈ ರೋಗಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ತಪ್ಪಿತಸ್ಥ ಕೋಶ ಇದೊಂದೇ ಎಂದು ಬೆರಳು ತೋರಲಾಗದು. ಹಲವು ಬಗೆಯ ಕೋಶಗಳು ಒಂದನ್ನೊಂದು ಕೆರಳಿಸುತ್ತ ಚಕ್ರವೊಂದನ್ನು ಕಟ್ಟಿಕೊಳ್ಳುತ್ತವೆ.

ಚಕ್ರದ ಆರಂಭ

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ರೋಗಿಗಳ ಅಸ್ಥಿಮಜ್ಜೆಯಲ್ಲಿ, ಮತ್ತೊಂದು ಕೋಶದ ಕೇಂದ್ರವನ್ನು ನುಂಗಿದ ಬಿಳಿ ರಕ್ತಕಣಗಳನ್ನು ಕಂಡರು. ‘ಎಲ್‌ಇ ಕೋಶ’ವೆಂದು ಹೆಸರಾದ ಇದು, ಕೋಶಕೇಂದ್ರದ ವಸ್ತುವೇ ಈ ರೋಗದ ಗುರಿ ಎಂಬುದಕ್ಕೆ ದೊರೆತ ಮೊದಲ ಸುಳಿವು.

ಪ್ರತಿದಿನ ಸಾಯುವ ಅಸಂಖ್ಯ ಕೋಶಗಳನ್ನು ಭಕ್ಷಕಕೋಶಗಳು ಸದ್ದಿಲ್ಲದೆ ತೆಗೆದುಹಾಕುತ್ತವೆ. ಲೂಪಸ್‌ನಲ್ಲಿ ಈ ಕೆಲಸ ಹಿಂದೆ ಬೀಳುತ್ತದೆ. ಇದಕ್ಕೆ ನೆರವಾಗುವ ಸಿ1ಕ್ಯೂ ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದವರಲ್ಲಿ ಬಹುಪಾಲು ಜನರಿಗೆ ಲೂಪಸ್ ಅಥವಾ ಅದನ್ನು ಹೋಲುವ ರೋಗ ಬರುವುದು ಗಮನಾರ್ಹ. ನ್ಯೂಟ್ರೋಫಿಲ್‌ಗಳೂ ರೋಗಾಣುಗಳನ್ನು ಹಿಡಿಯಲು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಹೊರಚೆಲ್ಲುತ್ತವೆ. ಹೀಗೆ ಒಳಗಿರಬೇಕಾದ ಡಿಎನ್‌ಎ ಹೊರಗೆ ಉಳಿಯುತ್ತದೆ.

ಕೋಶಗಳ ಸಂವಾದ

ಈ ಡಿಎನ್‌ಎಯನ್ನು ಪರಕೀಯವೆಂದು ಭ್ರಮಿಸುವ ಬಿ ಕೋಶಗಳು ಅದಕ್ಕೆ ಅಂಟಿಕೊಂಡ ಪ್ರೋಟೀನುಗಳ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುತ್ತವೆ; ಸಹಾಯಕ ಟಿ ಕೋಶಗಳು ಪ್ರತಿಯಾಗಿ ಬಿ ಕೋಶಗಳಿಗೆ ಬಲ ನೀಡುತ್ತವೆ. ಆಗ ಬಿ ಕೋಶಗಳು ಪ್ಲಾಸ್ಮಾ ಕೋಶಗಳಾಗಿ ಮಾರ್ಪಟ್ಟು ಸ್ವಯಂಪ್ರತಿಕಾಯಗಳನ್ನು ಸುರಿಸುತ್ತವೆ. ಪ್ರತಿಕಾಯವೂ ಡಿಎನ್‌ಎಯೂ ಸೇರಿದ ಗಂಟುಗಳು ಮೂತ್ರಪಿಂಡದ ಸೂಕ್ಷ್ಮ ಸೋಸುಕಗಳಲ್ಲಿ ತಂಗಿ ಉರಿಯೂತವನ್ನುಂಟುಮಾಡುತ್ತವೆ. ಮೂತ್ರದಲ್ಲಿ ಪ್ರೋಟೀನು ಕಾಣಿಸುವುದು ಇದರಿಂದಲೇ.

ಅದೇ ಗಂಟುಗಳನ್ನು ಪ್ಲಾಸ್ಮಸೈಟಾಯ್ಡ್ ಡೆಂಡ್ರೈಟಿಕ್ ಕೋಶಗಳೂ ಒಳಗೆಳೆದುಕೊಳ್ಳುತ್ತವೆ. ಇವುಗಳೊಳಗಿನ ಟಿಎಲ್‌ಆರ್7 ಮತ್ತು ಟಿಎಲ್‌ಆರ್9 ಗ್ರಾಹಕಗಳ ಸಹಜ ಕೆಲಸ ರೋಗಾಣುಗಳ ಆರ್‌ಎನ್‌ಎ, ಡಿಎನ್‌ಎಗಳನ್ನು ಗುರುತಿಸುವುದು. ಇಲ್ಲಿ ಅವು ಮೋಸಹೋಗುತ್ತವೆ. ವೈರಸ್ ಸೋಂಕು ತಗಲಿತೆಂಬಂತೆ ಕೋಶವು ಇಂಟರ್‌ಫೆರಾನನ್ನು ಹೇರಳವಾಗಿ ಸ್ರವಿಸುತ್ತದೆ. ಇಂಟರ್‌ಫೆರಾನ್ ಬಿ ಕೋಶ, ಟಿ ಕೋಶ, ನ್ಯೂಟ್ರೋಫಿಲ್ ಎಲ್ಲವನ್ನೂ ಮತ್ತಷ್ಟು ಕೆರಳಿಸುತ್ತದೆ, ಚಕ್ರ ಪೂರ್ಣವಾಗುತ್ತದೆ. ಟಿಎಲ್‌ಆರ್7ರ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಸ್ತ್ರೀಯರ ಕೆಲವು ಕೋಶಗಳಲ್ಲಿ ಅದರ ಎರಡೂ ಪ್ರತಿಗಳು ಕೆಲಸಮಾಡುವುದು, ಅವರಲ್ಲಿ ಈ ರೋಗ ಹೆಚ್ಚಿರುವುದಕ್ಕೆ ಒಂದು ಕಾರಣವಿರಬಹುದೆಂಬ ಅಭಿಪ್ರಾಯವಿದೆ.

ಚಿಕಿತ್ಸೆ

ಔಷಧಗಳು ಈ ಚಕ್ರವನ್ನು ಬೇರೆಬೇರೆ ಕಡೆ ತಡೆಯುತ್ತವೆ. ಮಲೇರಿಯಾಕ್ಕೆ ಬಳಸುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಟಿಎಲ್‌ಆರ್ ಗ್ರಾಹಕಗಳ ಕೆಲಸಕ್ಕೆ ಅಡ್ಡಿಮಾಡುತ್ತದೆ. ಲಕ್ಷಣಗಳು ಮಾಯವಾದುವೆಂದು ರೋಗಿಯು ತಾನಾಗಿಯೇ ಇದನ್ನು ನಿಲ್ಲಿಸಿದರೆ ರೋಗ ಮರುಕಳಿಸುವ ಅಪಾಯ ಹೆಚ್ಚು. ಹೊರಗೆ ಶಾಂತವಾಗಿ ಕಂಡರೂ ಚಕ್ರ ಒಳಗೆ ತಿರುಗುತ್ತಿರಬಹುದು. ಬಿ ಕೋಶಗಳ ಉಳಿವಿಗೆ ಬೇಕಾದ ಬಾಫ್ ಎಂಬ ಪ್ರೋಟೀನನ್ನು ತಡೆಯುವ ಬೆಲಿಮುಮ್ಯಾಬ್ 2011ರಲ್ಲಿಯೂ, ಇಂಟರ್‌ಫೆರಾನ್ ಗ್ರಾಹಕವನ್ನು ತಡೆಯುವ ಅನಿಫ್ರೊಲುಮ್ಯಾಬ್ 2021ರಲ್ಲಿಯೂ ಅಮೆರಿಕದಲ್ಲಿ ಅನುಮತಿ ಪಡೆದವು.

ಬಿ ಕೋಶಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ದೊಡ್ಡ ಪ್ರಯೋಗಗಳಲ್ಲಿ ನಿರೀಕ್ಷಿತ ಗುರಿ ಮುಟ್ಟಲಿಲ್ಲ. ಅಂಗಾಂಶಗಳ ಆಳದಲ್ಲಿ ಅಡಗಿದ ಬಿ ಕೋಶಗಳು ಉಳಿದುಕೊಳ್ಳುವುದು ಇದಕ್ಕೆ ಕೊಡುವ ಕಾರಣಗಳಲ್ಲೊಂದು. ಜರ್ಮನಿಯ ಎರ್ಲಾಂಗೆನ್‌ನ ವೈದ್ಯರು, ರೋಗಿಯದೇ ಟಿ ಕೋಶಗಳನ್ನು ಮಾರ್ಪಡಿಸಿ ಬಿ ಕೋಶಗಳ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಯನ್ನು ಐವರು ರೋಗಿಗಳಿಗೆ ನೀಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಂಖ್ಯೆ ಚಿಕ್ಕದು. ಆದರೂ ಐವರಲ್ಲಿಯೂ ರೋಗ ಶಮನವಾಯಿತು. ಸರಾಸರಿ 110 ದಿನಗಳ ಬಳಿಕ ಹೊಸ ಬಿ ಕೋಶಗಳು ಮರಳಿದಾಗಲೂ ಅವಲೋಕನದ ಅವಧಿಯಲ್ಲಿ ರೋಗ ಮರುಕಳಿಸಲಿಲ್ಲ.