ಕತ್ತದ ಹಗ್ಗಕ್ಕೆ ಅಂಟಿ ಬಂದ ಮರಳು

ಊರಿಗೆ ಕರೆಂಟು ಬರುವ ಮೊದಲು ಯಕ್ಷಗಾನದ ರಂಗಸ್ಥಳಕ್ಕೂ ಮದುವೆ ಚಪ್ಪರಕ್ಕೂ ಗ್ಯಾಸ್‌ಲೈಟೇ ಗತಿಯಾಗಿತ್ತು. ಹೆಸರಿಗೆ ಗ್ಯಾಸ್, ಉರಿಯುತ್ತಿದ್ದದ್ದು ಸೀಮೆಎಣ್ಣೆ. ಬಟ್ಟೆಯ ಪುಟ್ಟ ಚೀಲದಂಥ ಮ್ಯಾಂಟಲ್ ಕಟ್ಟಿ, ಪಂಪು ಹೊಡೆದು ಹಚ್ಚಿದರೆ ಬಟ್ಟೆ ಸುಟ್ಟು ಬೂದಿಯ ಬಲೆಯಷ್ಟೇ ಉಳಿಯುತ್ತಿತ್ತು. ಬೆರಳು ತಾಗಿದರೆ ಪುಡಿಪುಡಿ. ಕಣ್ಣು ಕುಕ್ಕುವ ಬೆಳಕು ಕೊಡುತ್ತಿದ್ದದ್ದು ಆ ಬೂದಿಯೇ. ಅದರ ಬಹುಪಾಲು ಥೋರಿಯಂ ಆಕ್ಸೈಡ್.

ಈ ಹದ ಕಂಡುಕೊಂಡವನು ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್. 99 ಪಾಲು ಥೋರಿಯಂ ಆಕ್ಸೈಡಿಗೆ ಒಂದು ಪಾಲು ಸೀರಿಯಂ ಆಕ್ಸೈಡ್ ಬೆರೆಸಿದ ಅವನ ಮ್ಯಾಂಟಲ್ 1891ರ ನಂತರ ಯುರೋಪಿನ ಬೀದಿದೀಪಗಳಿಗೆಲ್ಲ ಬಂತು. ಥೋರಿಯಂಗೆ ಬೇಕಾದ ಮೊನಜೈಟ್ ಖನಿಜ ಮೊದಮೊದಲು ಬ್ರೆಜಿಲ್ಲಿನ ಕಡಲತೀರದಿಂದ ಬರುತ್ತಿತ್ತು. 1909ರಲ್ಲಿ ಜರ್ಮನಿಯ ರಸಾಯನತಜ್ಞ ಸಿ. ಡಬ್ಲ್ಯು. ಶೋಂಬರ್ಗ್ ಅದೇ ಖನಿಜವನ್ನು ಯಾರೂ ಎಣಿಸದ ಕಡೆ ಗುರುತಿಸಿದ: ತಿರುವಾಂಕೂರಿನಿಂದ ಹಡಗಿನಲ್ಲಿ ಬಂದ ಕತ್ತಕ್ಕೆ ಅಂಟಿಕೊಂಡಿದ್ದ ಮರಳಿನಲ್ಲಿ.

ತೆಂಗಿನ ಸಿಪ್ಪೆ ಕೊಳೆಹಾಕಿ, ಬಡಿದು, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದ ತೀರದ ಜನರಿಗೆ ಆ ಮರಳು ಬರೀ ಕಸ. ಶೋಂಬರ್ಗ್ ಹುಡುಕಿಕೊಂಡು ಬಂದ. ಮನವಾಳಕುರಿಚಿಯಲ್ಲೂ ಕೊಲ್ಲಂ ಪಕ್ಕದ ಚವರದಲ್ಲೂ ಮರಳು ಬೇರ್ಪಡಿಸುವ ಕೆಲಸ ಶುರುವಾಯಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ನರ ಕೈತಪ್ಪಿ ಉದ್ಯಮ ಬ್ರಿಟಿಷರ ಪಾಲಾಯಿತು.

ಪಶ್ಚಿಮಘಟ್ಟದ ಬಂಡೆಗಳು ಕರಗಿ, ಹೊಳೆಗಳಲ್ಲಿ ಹರಿದು ಕಡಲು ಸೇರಿದ ಮರಳಿದು. ಮೊರದಲ್ಲಿ ಕೇರಿದ ಹಾಗೆ ಅಲೆಗಳು ಹಗುರ ಮರಳನ್ನು ಒಯ್ದು, ಭಾರದ ಕಣಗಳನ್ನು ದಡದಲ್ಲೇ ಬಿಡುತ್ತವೆ. ಕಪ್ಪಗಿರುವುದು ಇಲ್ಮನೈಟ್. ನಡುವೆ ಜೇನುಬಣ್ಣದ ಹರಳಿದ್ದರೆ ಅದು ಮೊನಜೈಟ್.

ವಿದ್ಯುತ್ ದೀಪ ಹರಡಿದ ಮೇಲೆ ಮ್ಯಾಂಟಲಿನ ಮಾರುಕಟ್ಟೆ ಬಿತ್ತು. ಆದರೆ 1945ರಲ್ಲಿ ಅಣುಬಾಂಬು ಸಿಡಿದದ್ದೇ ತಡ, ಥೋರಿಯಂ ಅಣುಶಕ್ತಿಯ ಕಚ್ಚಾಮಾಲಾಯಿತು. 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಕಂಪನಿ ಹುಟ್ಟಿತು. 1952ರಲ್ಲಿ ಆಲುವಾದ ಅದರ ಕಾರ್ಖಾನೆ ಮೊನಜೈಟನ್ನು ಸಂಸ್ಕರಿಸತೊಡಗಿತು. ಅಲ್ಲಿಗೆ ಒಂದು ಪ್ರಶ್ನೆಯೂ ಎದ್ದಿತು: ತಲೆತಲಾಂತರದಿಂದ ವಿಕಿರಣ ಸೂಸುವ ಈ ಮರಳಿನ ಮೇಲೆಯೇ ಮಲಗಿ ಎದ್ದವರ ಮೈಗೆ ಏನಾಗಿದೆ?

ಚವರ ಇರುವ ಕರುನಾಗಪ್ಪಳ್ಳಿ ತಾಲ್ಲೂಕಿನ ಈ ತೀರದ ಪಟ್ಟಿಯಲ್ಲಿ ನೆಲದಿಂದ ಬರುವ ವಿಕಿರಣ ಹಲವು ಕಡೆ ವರ್ಷಕ್ಕೆ 4 ಮಿಲಿಗ್ರೇ ದಾಟುತ್ತದೆ. ಕೆಲವು ಜಾಗಗಳಲ್ಲಿ 70ರವರೆಗೂ ಏರುತ್ತದೆ. ಜಗತ್ತಿನ ಬಹುತೇಕ ಊರುಗಳಲ್ಲಿ ಅದು ಒಂದಕ್ಕೂ ಕಡಿಮೆ.

ವಿಕಿರಣ ಮೈಯೊಳಗೆ ಮಾಡುವ ಕೆಲಸವನ್ನು ಹಗ್ಗ ಹೊಸೆಯುವವರಿಗೆ ವಿವರಿಸುವುದು ಸುಲಭ. ಡಿಎನ್‌ಎ ಎರಡೆಳೆಯ ಹುರಿ; ವಿಕಿರಣ ಅದರ ಎಳೆ ಹರಿಯಬಲ್ಲದು. ಒಂದೆಳೆ ಹರಿದರೆ ಇನ್ನೊಂದು ಹಿಡಿದುಕೊಂಡಿರುತ್ತದೆ, ಜೀವಕೋಶ ಅದನ್ನೇ ನೋಡಿಕೊಂಡು ತೇಪೆ ಹಾಕುತ್ತದೆ. ಎರಡೂ ಒಂದೇ ಕಡೆ ತುಂಡಾದರೆ ತೊಂದರೆ. ಆಗ ಒಂದು ಹುರಿಯ ತುದಿ ಮತ್ತೊಂದು ಹುರಿಗೆ ಗಂಟುಬೀಳಬಹುದು. 9ನೇ ಮತ್ತು 22ನೇ ವರ್ಣತಂತುಗಳ ತುಂಡುಗಳು ಹೀಗೆ ಅದಲುಬದಲಾದರೆ ಒಂದು ಬಗೆಯ ರಕ್ತದ ಕ್ಯಾನ್ಸರ್ ಹುಟ್ಟುತ್ತದೆ ಎಂದು 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ತೋರಿಸಿದ್ದರು.

ಒಂದೇ ಸಲಕ್ಕೆ ಒಂದು ಗ್ರೇ, ಅಂದರೆ ಸಾವಿರ ಮಿಲಿಗ್ರೇ, ವಿಕಿರಣ ಬಿದ್ದರೆ ಒಂದು ಜೀವಕೋಶದಲ್ಲಿ ಇಂಥ ಜೋಡಿತುಂಡು ಸುಮಾರು 40. ಅದೇ ಲೆಕ್ಕದಲ್ಲಿ, ವರ್ಷಕ್ಕೆ 4 ಮಿಲಿಗ್ರೇ ಬೀಳುವ ಕಡೆ ಆರು ಜೀವಕೋಶಗಳಲ್ಲಿ ಒಂದಕ್ಕೆ ವರ್ಷಕ್ಕೊಂದು ತುಂಡು. ಉಸಿರಾಡುವ, ಉಣ್ಣುವ, ಕೋಶ ಒಡೆದು ಎರಡಾಗುವ ನಿತ್ಯದ ಕೆಲಸದಲ್ಲೇ ಅದಕ್ಕಿಂತ ಎಷ್ಟೋ ಹೆಚ್ಚು ತುಂಡುಗಳಾಗುತ್ತವೆ, ಮತ್ತೆ ಕೂಡುತ್ತವೆ.

ಲೆಕ್ಕ ಹೀಗಿದ್ದರೂ ಜನರ ನಡುವೆ ಹೋಗಿ ನೋಡಿದವರಿಗೆ ಸಿಕ್ಕ ಉತ್ತರ ಒಂದೇ ಆಗಿರಲಿಲ್ಲ. 1976ರಲ್ಲಿ ಎನ್. ಕೊಚುಪಿಳ್ಳೈ ಮತ್ತು ಸಂಗಡಿಗರು ಈ ತೀರದಲ್ಲಿ ಡೌನ್ ಸಿಂಡ್ರೋಮ್ ಹೆಚ್ಚಿದೆ ಎಂದು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅದು ಚರ್ಚೆಗೆ ಗುರಿಯಾಯಿತು. 1990ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ತಾಲ್ಲೂಕಿನಲ್ಲಿ ಕ್ಯಾನ್ಸರ್ ನೋಂದಣಿ ಆರಂಭಿಸಿ ಮನೆಮನೆ ತಿರುಗಿತು. 69,958 ಜನರನ್ನು ಸರಾಸರಿ ಹತ್ತೂವರೆ ವರ್ಷ ಗಮನಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಹೆಚ್ಚು ವಿಕಿರಣ ಬಿದ್ದವರಲ್ಲಿ ಹೆಚ್ಚು ಕ್ಯಾನ್ಸರ್ ಕಂಡುಬಂದಿರಲಿಲ್ಲ.

ತುಂಡುಗಳನ್ನೇ ಎಣಿಸುವ ಉಪಾಯವೂ ಅಷ್ಟರಲ್ಲಿ ಸಿಕ್ಕಿತ್ತು. ಎರಡೆಳೆ ಹರಿದ ಜಾಗದ ಆಚೀಚೆ, ಡಿಎನ್‌ಎ ಸುತ್ತಿಕೊಂಡಿರುವ ಎಚ್2ಎಎಕ್ಸ್ ಎಂಬ ಪ್ರೋಟೀನಿಗೆ ನಿಮಿಷಗಳಲ್ಲೇ ಫಾಸ್ಫೇಟ್ ಸೇರುತ್ತದೆ. 1998ರಲ್ಲಿ ಅಮೆರಿಕದ ವಿಲಿಯಂ ಬಾನರ್ ತಂಡ ಕಂಡುಹಿಡಿದ ಸಂಗತಿಯಿದು. ಹೊಳೆಯುವ ಬಣ್ಣ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕತ್ತಲಲ್ಲಿ ಮಿಣುಕುಹುಳ ಕೂತಂತೆ ಒಂದೊಂದು ತುಂಡಿಗೂ ಒಂದೊಂದು ಚುಕ್ಕಿ. ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ತೀರದವರ ರಕ್ತದ ಬಿಳಿಕಣಗಳಲ್ಲಿ ಆ ಚುಕ್ಕಿಗಳನ್ನು ಎಣಿಸಿದರು. ಬೇರೆ ಊರಿನವರಿಗಿಂತ ಅವು ಹೆಚ್ಚಿಲ್ಲ ಎಂದು 2016ರಲ್ಲಿ ವರದಿಯಾಯಿತು.

ಇತ್ತ ಮ್ಯಾಂಟಲ್ ತಯಾರಕರಲ್ಲಿ ಅನೇಕರು ವಿಕಿರಣದ ಗೊಡವೆಯೇ ಬೇಡವೆಂದು ಥೋರಿಯಂ ಬಿಟ್ಟು ಯಿಟ್ರಿಯಂಗೆ ಹೊರಳಿದ್ದಾರೆ. ತೀರದವರ ಚಿಂತೆಯೇ ಬೇರೆ: 2018ರ ಕೊನೆಯಲ್ಲಿ ಕರುನಾಗಪ್ಪಳ್ಳಿ ತಾಲ್ಲೂಕಿನ ಆಲಪ್ಪಾಡಿನ ಜನ ಸರದಿ ಉಪವಾಸಕ್ಕೆ ಕೂತರು. ಅವರ ದೂರು ವಿಕಿರಣದ ಮೇಲಲ್ಲ, ಗಣಿಗಾರಿಕೆಯ ಮೇಲೆ. ಮರಳು ತೆಗೆದು ತೆಗೆದು ಕಡಲು ಒಳಗೆ ಬರುತ್ತಿದೆ, ಅತ್ತ ಕಡಲು ಇತ್ತ ಕಾಲುವೆಯ ನಡುವೆ ತಮ್ಮ ಮನೆ ನಿಲ್ಲುವಷ್ಟು ನೆಲವೂ ಉಳಿಯುವುದಿಲ್ಲ ಎನ್ನುತ್ತಿದ್ದರು.