ಪೊಮ್ಮರ್ಜಿಗ್ಗಿನ ಗಿರಣಿ

ಪ್ರಷ್ಯದ ಎರಡನೆಯ ಫ್ರೆಡರಿಕ್ ದೊರೆಯು ತನ್ನ ಸಾನ್ಸೂಸಿ ಅರಮನೆಯ ಪಕ್ಕದ ಗಾಳಿಗಿರಣಿಯನ್ನು ಕೀಳಿಸಹೊರಟಾಗ, ಬರ್ಲಿನ್ನಿನಲ್ಲಿ ನ್ಯಾಯಾಧೀಶರಿದ್ದಾರೆಂದು ಹೇಳಿ ಅದರ ಒಡೆಯನು ಆತನ ಬಾಯಿ ಮುಚ್ಚಿಸಿದನೆಂಬ ಕಥೆಯನ್ನು ಯೂರೋಪಿನವರು ಇಂದಿಗೂ ಅಕ್ಕರೆಯಿಂದ ಹೇಳಿಕೊಳ್ಳುವರು. ಅದು ಕಟ್ಟುಕಥೆ. ಅದೇ ದೊರೆಯ ಕಾಲದಲ್ಲಿ ದಿಟವಾಗಿ ನಡೆದ ಗಿರಣಿಯ ವ್ಯಾಜ್ಯವೇ ಬೇರೆ. ಅದರಲ್ಲಿ ಸೆರೆಮನೆ ಕಂಡವರು ನ್ಯಾಯಾಧೀಶರು.

ಪೊಮ್ಮರ್ಜಿಗ್ ಗ್ರಾಮದ ಕ್ರಿಶ್ಚಿಯನ್ ಆರ್ನಾಲ್ಡನು ಷ್ಮೆಟ್ಟಾವ್ ಕೌಂಟನಿಗೆ ಗೇಣಿ ಕೊಟ್ಟು ನೀರುಗಿರಣಿಯೊಂದನ್ನು ನಡೆಸುತ್ತಿದ್ದನು. 1770ರಲ್ಲಿ ಹೊಳೆಯ ಮೇಲ್ಭಾಗದ ಜಮೀನುದಾರ ಗೆರ್ಸ್‌ಡಾರ್ಫನು ಮೀನಿನ ಕೊಳಗಳನ್ನು ತೋಡಿಸಲು, ನೀರು ಸಾಲದೆಂದು ಆರ್ನಾಲ್ಡನು ಗೇಣಿಯನ್ನು ತಡೆದನು; 1778ರಲ್ಲಿ ಗಿರಣಿ ಹರಾಜಾಯಿತು. ಕೊಳ ತೋಡಿಸಿದವನೊಬ್ಬ, ಗೇಣಿ ಸಲ್ಲಬೇಕಾದವನು ಮತ್ತೊಬ್ಬ. ಕ್ಯುಸ್ಟ್ರಿನ್ನಿನ ನ್ಯಾಯಸ್ಥಾನವೂ ಬರ್ಲಿನ್ನಿನ ಕಾಮರ್‌ಗೆರಿಖ್ಟ್ ಎಂಬ ಉಚ್ಚ ನ್ಯಾಯಸ್ಥಾನವೂ ಆರ್ನಾಲ್ಡನಿಗೆ ವಿರುದ್ಧವಾಗಿಯೇ ತೀರ್ಪಿತ್ತುವು.

ಬಡವನ ಮೊರೆಯನ್ನು ಕೇಳಿ ಕುದಿದಿದ್ದ ದೊರೆಯು 1779ರ ಡಿಸೆಂಬರ್ 11ರಂದು ಮಹಾಚಾನ್ಸಲರ್ ಫ್ಯುರ್ಸ್ಟನನ್ನೂ ಮೂವರು ನ್ಯಾಯಾಧೀಶರನ್ನೂ ಕರೆಸಿ, ಫ್ಯುರ್ಸ್ಟನನ್ನು ನಿಂತ ನಿಲುವಿನಲ್ಲೇ ಪದಚ್ಯುತಗೊಳಿಸಿ, ಉಳಿದವರನ್ನು ಸೆರೆಗೆ ತಳ್ಳಿಸಿದನು. ಅನ್ಯಾಯಗೈಯುವ ನ್ಯಾಯಸ್ಥಾನವು ಕಳ್ಳರ ತಂಡಕ್ಕಿಂತ ಕೇಡೆಂಬ ಆತನ ಮಾತು ಪತ್ರಿಕೆಗಳಲ್ಲಿ ಅಚ್ಚಾಯಿತು. ರೈತರು ಅರ್ಜಿ ಹಿಡಿದು ಅರಮನೆಯೆದುರು ನೆರೆದರು. ಗಣ್ಯರ ಸಾರೋಟುಗಳು ಫ್ಯುರ್ಸ್ಟನ ಮನೆಯ ಮುಂದೆ ಸಾಲುಗಟ್ಟಿದುವು. ಗಣ್ಯರ ಈ ಅನುಕಂಪದಲ್ಲಿ ಸ್ವಾರ್ಥವಿರಲಿಲ್ಲವೆಂದು ನಾನು ನಂಬೆನು. ಆದರೂ ಲೋಭಿಯಾದ ಅರಸನು ಕಾನೂನನ್ನು ಮೀರಿದರೆ ಜನ ಶಪಿಸುವರು, ದೀನಬಂಧುವಾಗಿ ಮೀರಿದರೆ ಕೈಮುಗಿಯುವರು. ಎರಡನೆಯದನ್ನು ತಡೆಯುವುದೇ ಹೆಚ್ಚು ಕಷ್ಟ.

ತಡೆಯಲೆತ್ನಿಸಿದವನೊಬ್ಬನಿದ್ದನು. ಬಂಧಿತರಲ್ಲಿ ದೋಷವಿಲ್ಲವೆಂದು ವಿಚಾರಣೆಯಲ್ಲಿ ಸಿದ್ಧವಾಗಿರಲು, ಶಿಕ್ಷೆಯ ತೀರ್ಪನ್ನು ತಾನು ಬರೆಯಲಾರೆನೆಂದು ಮಂತ್ರಿ ತ್ಸೆಡ್ಲಿಟ್ಸನು ವಿನಯದಿಂದಲೇ ಅರಿಕೆಮಾಡಿಕೊಂಡನು. 1780ರ ಹೊಸವರ್ಷದಂದು ದೊರೆಯೇ ಒಂದು ವರ್ಷದ ಕೋಟೆವಾಸವನ್ನು ವಿಧಿಸಿದನು. ಆದರೆ ಆ ಮಂತ್ರಿಯ ಪದವಿಗೆ ಕೈಹಚ್ಚಲಿಲ್ಲ. 1786ರಲ್ಲಿ ಫ್ರೆಡರಿಕ್ ತೀರಿಕೊಂಡ ಬಳಿಕ ಉತ್ತರಾಧಿಕಾರಿಯು ದಂಡಿತರ ಮಾನವನ್ನು ಮರಳಿಸಿದನು.

ಅರಸನ ಅಪ್ಪಣೆಯೊಂದರಿಂದಲೇ ಯಾರ ಹಕ್ಕಿಗೂ ಚ್ಯುತಿ ಬರಲಾಗದೆಂಬ ವಿಧಿಯು ಪ್ರಷ್ಯದ 1791ರ ಕಾನೂನು ಸಂಹಿತೆಯಲ್ಲಿ ಸೇರಿತ್ತು. ಫ್ರಾನ್ಸಿನ ಕ್ರಾಂತಿಯಿಂದ ಬೆದರಿದ ಆಸ್ಥಾನವು ಸಂಹಿತೆಯನ್ನೇ ಅಮಾನತಿನಲ್ಲಿಟ್ಟು, 1794ರಲ್ಲಿ ಅದು ಜಾರಿಗೆ ಬರುವಷ್ಟರಲ್ಲಿ ಆ ವಿಧಿಯನ್ನು ಕಿತ್ತುಹಾಕಿತು. ನ್ಯಾಯಸ್ಥಾನಗಳು ಕಾನೂನಿಗಲ್ಲದೆ ಮತ್ತಾವ ಅಧಿಕಾರಕ್ಕೂ ಅಧೀನವಲ್ಲವೆಂಬ ಮಾತು ಪ್ರಷ್ಯದ ಸಂವಿಧಾನದ 86ನೆಯ ವಿಧಿಯಲ್ಲಿ ನೆಲೆಗೊಳ್ಳಲು 1850 ಬರಬೇಕಾಯಿತು.